ಹೆಲಿಕಾಪ್ಟರ್ ಮಾದರಿಗಳ ಸೂಕ್ಷ್ಮಭಾಗ ನಿರ್ಮಾಣ

ಹೆಲಿಕಾಪ್ಟರಿನ ಅಳತೆಬದ್ಧ ಮಾದರಿಗೆ ಬೇಕಾದ ಸಣ್ಣಪುಟ್ಟ ಭಾಗಗಳನ್ನು ಪ್ಲಾಸ್ಟಿಕ್ ಹಾಳೆ, ತಂತಿ, ಕೊಳವೆ, ತಗಡು, ಪುಟ್ಟಿ ಮುಂತಾದ ಕಚ್ಚಾ ಸಾಮಗ್ರಿಯಿಂದ ಕೈಯಾರೆ ತಯಾರಿಸಿ ಜೋಡಿಸುವ ಕುಶಲಕಲೆಯೇ ಸೂಕ್ಷ್ಮಭಾಗ ನಿರ್ಮಾಣ. ಹವ್ಯಾಸಿಗಳು ಇದನ್ನು ಸ್ಕ್ರ್ಯಾಚ್ ಬಿಲ್ಡಿಂಗ್ ಎನ್ನುತ್ತಾರೆ. ಕಿಟ್ಟಿನಲ್ಲಿ ಬಾರದ ಭಾಗಗಳು, ಬಂದರೂ ದಪ್ಪವಾಗಿ ಒರಟಾಗಿರುವ ಭಾಗಗಳು ಇದರ ಮುಖ್ಯ ಕ್ಷೇತ್ರ. ರೋಟರ್ ಹೆಡ್ಡಿನ ಕಡ್ಡಿಗಳು, ಎಂಜಿನ್ನಿನ ಕೊಳವೆಗಳು, ಕಾಕ್‌ಪಿಟ್ಟಿನ ಸನ್ನೆಗಳು, ಸೀಟಿನ ಬೆಲ್ಟು, ಬಾಗಿಲ ಹಿಡಿಕೆ, ಆಂಟೆನಾ, ರಿವೆಟ್ ಸಾಲು ಎಲ್ಲವೂ ಇದರಲ್ಲಿ ಸೇರುತ್ತವೆ.

ವಿಮಾನ, ಹಡಗು, ಟ್ಯಾಂಕುಗಳ ಮಾದರಿಗಳಿಗೂ ಈ ಕೆಲಸ ಉಂಟು. ಆದರೆ ಹೆಲಿಕಾಪ್ಟರ್ ತನ್ನ ಯಂತ್ರಭಾಗಗಳನ್ನು ಹೊರಗೇ ಹೊತ್ತು ತಿರುಗುವ ವಾಹನ. ಅದರ ಕಡ್ಡಿಗಳಲ್ಲಿ ಯಾವುದೂ ಅಲಂಕಾರಕ್ಕಿಲ್ಲ. ಪ್ರತಿಯೊಂದೂ ಒಂದು ಕಡೆಯಿಂದ ಹೊರಟು ಇನ್ನೊಂದು ಕಡೆ ಏನನ್ನೋ ಎಳೆಯುತ್ತದೆ ಅಥವಾ ತಳ್ಳುತ್ತದೆ. ಹೀಗಾಗಿ ಈ ಕೆಲಸದಲ್ಲಿ ಕೈಚಳಕದಷ್ಟೇ ಯಂತ್ರದ ತಿಳಿವಳಿಕೆಯೂ ಬೇಕು.

ಪರಿಭಾಷೆ

ಕಾರ್ಖಾನೆಯಿಂದ ಪೆಟ್ಟಿಗೆಯಲ್ಲಿ ಬರುವ ಬಿಡಿಭಾಗಗಳ ಗುಚ್ಛವೇ ಕಿಟ್. ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟು ಸ್ಪ್ರೂ. ಪೆಟ್ಟಿಗೆಯಲ್ಲಿ ಇದ್ದದ್ದನ್ನಷ್ಟೇ ಬಳಸಿ ಕಟ್ಟಿದ ಮಾದರಿ ‘ಔಟ್ ಆಫ್ ದಿ ಬಾಕ್ಸ್’. ಬೇರೆ ತಯಾರಕರು ಮಾರುವ ಹೆಚ್ಚುವರಿ ಭಾಗಗಳನ್ನು ಆಫ್ಟರ್‌ಮಾರ್ಕೆಟ್ ಎನ್ನುತ್ತಾರೆ. ಒಂದು ನಮೂನೆಯ ಕಿಟ್ಟನ್ನು ತಿದ್ದಿ ಅದೇ ವಂಶದ ಇನ್ನೊಂದು ನಮೂನೆ ಮಾಡುವುದು ಕನ್ವರ್ಷನ್. ಹಲವು ಕಿಟ್ಟುಗಳ ಭಾಗಗಳನ್ನು ಬೆರೆಸಿ ಬೇರೊಂದನ್ನು ಕಟ್ಟುವುದು ಕಿಟ್‌ಬ್ಯಾಶಿಂಗ್. ಸೂಕ್ಷ್ಮಭಾಗ ನಿರ್ಮಾಣ ಇವೆಲ್ಲವುಗಳ ಜೊತೆಗೂ ನಡೆಯಬಹುದು, ಕಿಟ್ಟೇ ಇಲ್ಲದೆ ಇಡೀ ಮಾದರಿಯನ್ನು ಕಟ್ಟುವಾಗಲೂ ನಡೆಯಬಹುದು.

ಈ ಲೇಖನದಲ್ಲಿ ರೋಟರಿನ ರೆಕ್ಕೆಯನ್ನು ಅಲಗು ಎಂದೂ, ಹಿಂದಕ್ಕೆ ಚಾಚಿದ ಬಾಲದ ಭಾಗವನ್ನು ಬಾಲದಂಡ ಎಂದೂ, ಅಲಗಿನ ಕೋನ ಬದಲಿಸುವ ಸಣ್ಣ ಕಡ್ಡಿಯನ್ನು ಪಿಚ್ ಕಡ್ಡಿ ಎಂದೂ ಕರೆಯಲಾಗಿದೆ. ಪ್ರಮಾಣ ಎಂದರೆ ಮಾದರಿಗೂ ಮೂಲಕ್ಕೂ ಇರುವ ಅಳತೆಯ ಅನುಪಾತ. 1:48 ಎಂದರೆ ಮೂಲದ 48 ಮಿ.ಮೀ. ಮಾದರಿಯಲ್ಲಿ 1 ಮಿ.ಮೀ.

ಇತಿಹಾಸ

ಮಾದರಿ ಕಟ್ಟುವ ಕಲೆ ಶುರುವಾದದ್ದೇ ಕಚ್ಚಾ ಸಾಮಗ್ರಿಯಿಂದ. ಕಿಟ್ ಬಂದದ್ದು ತೀರ ಆಮೇಲೆ. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ನೌಕಾಪಡೆಯ ಹಡಗುಗಳಿಗೆ ಮರದ ಮಾದರಿಗಳನ್ನು ಮಾಡುತ್ತಿದ್ದರು. ಅವುಗಳಲ್ಲಿ ಹಲವು ಒಂದು ಅಡಿಗೆ ಕಾಲು ಇಂಚಿನ ಲೆಕ್ಕದವು, ಅಂದರೆ 1:48. ಇಂದಿನ ವಿಮಾನ ಮಾದರಿಗಳಲ್ಲಿಯೂ ಇದೇ ಅನುಪಾತ ಬಳಕೆಯಲ್ಲಿದೆ. 1:72 ಪ್ರಮಾಣ ಬಂದದ್ದು ಬ್ರಿಟನ್ನಿನ ಸ್ಕೈಬರ್ಡ್ಸ್ ಮರದ ಕಿಟ್ಟುಗಳಿಂದ, 1932ರಲ್ಲಿ. 1936ರಲ್ಲಿ ಫ್ರಾಗ್ ಕಂಪನಿ ‘ಪೆಂಗ್ವಿನ್’ ಹೆಸರಿನಲ್ಲಿ ಅದೇ ಪ್ರಮಾಣದ ಪ್ಲಾಸ್ಟಿಕ್ ಕಿಟ್ಟುಗಳನ್ನು ಮಾರುಕಟ್ಟೆಗೆ ತಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವೈರಿ ವಿಮಾನಗಳನ್ನು ಗುರುತಿಸುವ ತರಬೇತಿಗಾಗಿ ಅಮೆರಿಕದ ನೌಕಾಪಡೆ 1942ರಲ್ಲಿ ಶಾಲಾ ವಿದ್ಯಾರ್ಥಿಗಳಿಂದಲೇ 1:72 ಪ್ರಮಾಣದ ಮರದ ಮಾದರಿಗಳನ್ನು ಮಾಡಿಸಿತು.

ಹೆಲಿಕಾಪ್ಟರ್ ಈ ಹವ್ಯಾಸಕ್ಕೆ ತಡವಾಗಿ ಬಂದ ವಸ್ತು. ಇಗೋರ್ ಸಿಕೋರ್ಸ್‌ಕಿಯ ವಿಎಸ್-300 ನೆಲಬಿಟ್ಟು ಮೇಲೆದ್ದದ್ದು 1939ರ ಸೆಪ್ಟೆಂಬರ್ 14ರಂದು. ಬೆಲ್ 47ಕ್ಕೆ ನಾಗರಿಕ ಬಳಕೆಯ ಪ್ರಮಾಣಪತ್ರ ಸಿಕ್ಕಿದ್ದು 1946ರ ಮಾರ್ಚ್ 8ರಂದು. ಫ್ರಾನ್ಸಿನ ಆಲುವೆಟ್ 2 1955ರಲ್ಲಿ, ಮುಂದೆ ‘ಹ್ಯೂಯಿ’ ಎಂದು ಹೆಸರಾದ ಬೆಲ್ ಯುಎಚ್-1ರ ಮೂಲರೂಪ 1956ರಲ್ಲಿ ಹಾರಿದವು. ವಿಯೆಟ್ನಾಂ ಯುದ್ಧದ ಚಿತ್ರಗಳಿಂದ ಜಗತ್ತಿಗೆಲ್ಲ ಪರಿಚಿತವಾದ ಹ್ಯೂಯಿ ಮಾದರಿಗಾರರ ಮೇಜಿನ ಮೇಲೂ ಬೇಗನೆ ಜಾಗ ಹಿಡಿಯಿತು.

ಕಿಟ್ಟಿನ ಭಾಗಗಳಿಂದ ತೃಪ್ತರಾಗದವರ ಸಂಘಟನೆ 1960ರ ದಶಕದಲ್ಲಿ ರೂಪುಗೊಂಡಿತು. ಇಂಟರ್‌ನ್ಯಾಷನಲ್ ಪ್ಲಾಸ್ಟಿಕ್ ಮಾಡೆಲರ್ಸ್ ಸೊಸೈಟಿಯ ಮೂಲ 1963ರ ಬ್ರಿಟನ್ನಿನಲ್ಲಿದೆ. ಮರುವರ್ಷ ಅಮೆರಿಕದಲ್ಲಿ ಅದರ ಶಾಖೆ ಆರಂಭವಾಯಿತು. ಹ್ಯಾರಿ ವುಡ್‌ಮನ್ 1975ರಲ್ಲಿ ಪ್ರಕಟಿಸಿದ ಪುಸ್ತಕ ಪ್ಲಾಸ್ಟಿಕ್ ಹಾಳೆಯಿಂದಲೇ ವಿಮಾನ ಮಾದರಿಗಳನ್ನು ಕಟ್ಟುವ ವಿಧಾನಗಳನ್ನು ವ್ಯವಸ್ಥಿತವಾಗಿ ವಿವರಿಸಿತು. ಬೆಲ್ಜಿಯಮ್ಮಿನ ಫ್ರಾಂಸ್ವಾ ವರ್ಲಿಂಡನ್ ಅಚ್ಚಿನಲ್ಲಿ ಎರಕ ಹೊಯ್ದ ರೆಸಿನ್ ಭಾಗಗಳನ್ನು ಜನಪ್ರಿಯಗೊಳಿಸಿದ. 1989ರಲ್ಲಿ ಆರಂಭವಾದ ಚೆಕ್ ದೇಶದ ಎಡುವಾರ್ಡ್ ಕಂಪನಿ ರಾಸಾಯನಿಕದಿಂದ ಕೊರೆದ ಫೋಟೋ-ಎಚ್ಚಿಂಗ್ ತಗಡುಗಳಿಗೆ ಹೆಸರಾಯಿತು. ಹವ್ಯಾಸಿಗಳು ಮೊದಲು ಕೈಯಿಂದ ಮಾಡಿಕೊಳ್ಳುತ್ತಿದ್ದುದನ್ನೇ ಈ ತಯಾರಕರು ಸರಕಾಗಿಸಿದರು.

ಹೆಲಿಕಾಪ್ಟರ್ ಮಾದರಿಯ ವಿಶೇಷ ಸಮಸ್ಯೆ

ಯುದ್ಧವಿಮಾನದ ಮೈ ನಯವಾದ ಚರ್ಮ. ಒಳಗಿನ ಯಂತ್ರ ಅದರಡಿ ಮುಚ್ಚಿಹೋಗಿರುತ್ತದೆ. ಹೆಲಿಕಾಪ್ಟರಿನಲ್ಲಿ ರೋಟರ್ ಹೆಡ್, ನಿಯಂತ್ರಣದ ಕಡ್ಡಿಗಳು, ಬಾಲದ ಗೇರ್‌ಬಾಕ್ಸ್, ಕೆಲವು ನಮೂನೆಗಳಲ್ಲಿ ಇಡೀ ಎಂಜಿನ್ ಕೂಡ ಬಯಲಲ್ಲಿರುತ್ತದೆ. ದೊಡ್ಡ ಗಾಜಿನ ಮುಂಭಾಗ ಮತ್ತು ಸರಿಯುವ ಬಾಗಿಲುಗಳಿಂದಾಗಿ ಒಳಾಂಗಣವೂ ಮುಚ್ಚುಮರೆಯಿಲ್ಲದೆ ಕಾಣುತ್ತದೆ.

ಕಿಟ್ ಕಾರ್ಖಾನೆಗಳು ಕರಗಿದ ಪಾಲಿಸ್ಟೈರೀನನ್ನು ಉಕ್ಕಿನ ಅಚ್ಚಿಗೆ ಒತ್ತಡದಿಂದ ತುಂಬುತ್ತವೆ. ತೀರ ತೆಳುವಾದ ಕುಳಿಯೊಳಗೆ ಪ್ಲಾಸ್ಟಿಕ್ ಪೂರ್ತಿ ಹರಿಯುವ ಮುನ್ನವೇ ಹೆಪ್ಪುಗಟ್ಟುತ್ತದೆ. ತುಂಬಿದರೂ ಅಚ್ಚಿನಿಂದ ತೆಗೆಯುವಾಗ ಮುರಿಯುತ್ತದೆ. ಅಚ್ಚು ಸಲೀಸಾಗಿ ಬಿಡಲೆಂದು ಭಾಗಗಳ ಬದಿಗೆ ಸ್ವಲ್ಪ ಇಳಿಜಾರು ಕೊಡಬೇಕಾಗುತ್ತದೆ, ಒಳಕ್ಕೆ ಕೊರೆದ ಆಕಾರಗಳನ್ನು ಕೈಬಿಡಬೇಕಾಗುತ್ತದೆ. ಇದರ ಫಲ ಲೆಕ್ಕದಲ್ಲಿ ಚೆನ್ನಾಗಿ ತಿಳಿಯುತ್ತದೆ. 1:72 ಕಿಟ್ಟಿನ ಕಡ್ಡಿಯೊಂದು 0.8 ಮಿ.ಮೀ. ದಪ್ಪವಿದ್ದರೆ ಅದು ನಿಜದ ಹೆಲಿಕಾಪ್ಟರಿನಲ್ಲಿ ಸುಮಾರು 58 ಮಿ.ಮೀ. ದಪ್ಪದ ಕಂಬವಾಯಿತು. ನಿಜದಲ್ಲಿ 25 ಮಿ.ಮೀ. ಇರುವ ಕೊಳವೆ ಆ ಪ್ರಮಾಣದಲ್ಲಿ 0.35 ಮಿ.ಮೀ. ಇರಬೇಕು. ಸೂಕ್ಷ್ಮಭಾಗ ನಿರ್ಮಾಣದ ಬಹುಪಾಲು ಈ ಅಂತರವನ್ನು ತುಂಬುವ ಕೆಲಸವೇ.

ಪ್ರಮಾಣ ಮತ್ತು ಅಳತೆ

ಹೆಲಿಕಾಪ್ಟರ್ ಮಾದರಿಗಳಲ್ಲಿ 1:72, 1:48, 1:35, 1:32 ಪ್ರಮಾಣಗಳು ಹೆಚ್ಚು ಬಳಕೆಯಲ್ಲಿವೆ. 1:35 ಮೂಲತಃ ಟ್ಯಾಂಕುಗಳದ್ದು. ಜಪಾನಿನ ಟಾಮಿಯ ಕಂಪನಿ 1961ರ ತನ್ನ ಪ್ಯಾಂಥರ್ ಟ್ಯಾಂಕ್ ಕಿಟ್ಟಿನೊಳಗೆ ಮೋಟಾರು, ಬ್ಯಾಟರಿಗಳು ಕೂರುವಂತೆ ಈ ಗಾತ್ರವನ್ನು ಆರಿಸಿಕೊಂಡಿತು. ಸೈನಿಕರ ಗೊಂಬೆಗಳೂ ವಾಹನಗಳೂ ಇದೇ ಪ್ರಮಾಣದಲ್ಲಿ ಧಾರಾಳವಾಗಿ ಸಿಗುವುದರಿಂದ ದೃಶ್ಯಸಂಯೋಜನೆ ಮಾಡುವವರು ಹೆಲಿಕಾಪ್ಟರನ್ನೂ ಇದರಲ್ಲೇ ಬಯಸಿದರು. ಚೀನಾದ ಟ್ರಂಪೆಟರ್ ಕಂಪನಿ ಚಿನೂಕ್‌ನಂಥ ದೊಡ್ಡ ಹೆಲಿಕಾಪ್ಟರನ್ನೂ 1:35ರಲ್ಲಿ ತಂದಿದೆ.

ಭಾರತದ ಚೇತಕ್ ಹೆಲಿಕಾಪ್ಟರಿನ ಮುಖ್ಯ ರೋಟರಿನ ವ್ಯಾಸ 11.02 ಮೀ. ಇದು 1:72ರಲ್ಲಿ 153 ಮಿ.ಮೀ., 1:48ರಲ್ಲಿ 230 ಮಿ.ಮೀ., 1:32ರಲ್ಲಿ 344 ಮಿ.ಮೀ. ಆಗುತ್ತದೆ. ಯುಎಚ್-1ಎಚ್ ಹ್ಯೂಯಿಯ 14.63 ಮೀ. ರೋಟರ್ 1:35ರಲ್ಲಿ 418 ಮಿ.ಮೀ. ಚಾಚಿಕೊಳ್ಳುತ್ತದೆ. ಕಾಕ್‌ಪಿಟ್ಟಿನ ಸಾಮಾನ್ಯ ದುಂಡು ಮಾಪಕ ಸುಮಾರು 80 ಮಿ.ಮೀ. ಅಗಲದ್ದು. ಅದು 1:72ರಲ್ಲಿ 1.1 ಮಿ.ಮೀ. ಚುಕ್ಕಿಯಾದರೆ 1:32ರಲ್ಲಿ 2.5 ಮಿ.ಮೀ. ಬಿಲ್ಲೆ. ಮೊದಲನೆಯದರಲ್ಲಿ ಮುಳ್ಳನ್ನು ಬರೆಯುವ ಪ್ರಶ್ನೆಯೇ ಇಲ್ಲ. ಎರಡನೆಯದರಲ್ಲಿ ಬರೆಯದಿದ್ದರೆ ಕೊರತೆ ಎದ್ದು ಕಾಣುತ್ತದೆ. ಲೆಕ್ಕಕ್ಕೆ ಸರಿಹೊಂದುವ ತಂತಿ ಸಿಗದಾಗ ಒಂದು ಅಳತೆ ತೆಳುವಾದದ್ದನ್ನೇ ಆರಿಸುವುದು ರೂಢಿ, ಏಕೆಂದರೆ ಬಣ್ಣದ ಪದರಗಳೂ ದಪ್ಪವನ್ನು ಕೂಡಿಸುತ್ತವೆ.

ಆಧಾರ ದಾಖಲೆ

ಅಳತೆಯ ನಕ್ಷೆ, ನಿರ್ವಹಣಾ ಕೈಪಿಡಿಯ ಬಿಡಿಚಿತ್ರಗಳು, ಹತ್ತಿರದಿಂದ ತೆಗೆದ ಛಾಯಾಚಿತ್ರಗಳು ಈ ಕೆಲಸದ ತಳಹದಿ. ಒಂದೇ ನಮೂನೆಯ ಎರಡು ಹೆಲಿಕಾಪ್ಟರುಗಳು ಸಣ್ಣ ವಿವರಗಳಲ್ಲಿ ಒಂದೇ ತೆರನಾಗಿರುವುದು ಅಪರೂಪ. ಹೀಗಾಗಿ ಅನುಭವಿಗಳು ನಮೂನೆಯನ್ನಷ್ಟೇ ನೋಡದೆ ಒಂದು ನಿರ್ದಿಷ್ಟ ನೋಂದಣಿ ಸಂಖ್ಯೆಯ ಯಂತ್ರವನ್ನು, ಒಂದು ನಿರ್ದಿಷ್ಟ ಕಾಲದಲ್ಲಿ ಇದ್ದಂತೆ ಅನುಸರಿಸುತ್ತಾರೆ. ಹೆಲಿಕಾಪ್ಟರಿನ ಮೂತಿಯ ಮೇಲೆ, ಕೆಳಗೆ ಚಾಚಿರುವ ತಂತಿ ಕತ್ತರಿಸುವ ಬ್ಲೇಡುಗಳು ಇದಕ್ಕೆ ಒಳ್ಳೆಯ ಉದಾಹರಣೆ. ವಿದ್ಯುತ್ ತಂತಿಗೆ ಸಿಕ್ಕಿ ಆಗುವ ಅಪಘಾತ ತಪ್ಪಿಸುವ ಈ ಸಾಧನ ವಿಯೆಟ್ನಾಂ ಯುದ್ಧ ಮುಗಿದ ಮೇಲಿನದು. ಆ ಯುದ್ಧಕಾಲದ ಹ್ಯೂಯಿಯ ಮೇಲೆ ಅದನ್ನು ಹಚ್ಚಿದರೆ ಕಾಲದೋಷವಾಗುತ್ತದೆ.

ಕರ್ನಾಟಕದಲ್ಲಿ ಇಂಥ ದಾಖಲೆಗೆ ಒಳ್ಳೆಯ ಅವಕಾಶವಿದೆ. ಬೆಂಗಳೂರಿನ ವಿಮಾನ ಕಂಪನಿ ಎಚ್‌ಎಎಲ್ ಫ್ರಾನ್ಸಿನ ಆಲುವೆಟ್ 3ನ್ನು ಚೇತಕ್ ಎಂದೂ ಅಲ್ಲಿನದೇ ಲಾಮಾವನ್ನು ಚೀತಾ ಎಂದೂ ಪರವಾನಗಿಯ ಮೇಲೆ ತಯಾರಿಸಿತು. ಸ್ವಂತ ವಿನ್ಯಾಸದ ಧ್ರುವ 1992ರ ಆಗಸ್ಟ್ 20ರಂದು ಇದೇ ಊರಿನಲ್ಲಿ ಮೊದಲ ಬಾರಿ ಹಾರಿತು. 1996ರಿಂದ ಯಲಹಂಕದ ವಾಯುನೆಲೆಯಲ್ಲಿ ನಡೆಯುತ್ತ ಬಂದಿರುವ ಏರೋ ಇಂಡಿಯಾ ಪ್ರದರ್ಶನದಲ್ಲಿ ನಿಂತ ಹೆಲಿಕಾಪ್ಟರುಗಳ ಸುತ್ತ ನಡೆದಾಡಿ ಚಿತ್ರ ತೆಗೆಯಬಹುದು. ಮಾದರಿಗಾರರಿಗೆ ಹಾರಾಟದ ಚಿತ್ರಕ್ಕಿಂತ ಹೊಟ್ಟೆಯಡಿಯ, ಬಾಗಿಲ ಸಂದಿನ ಚಿತ್ರಗಳೇ ಹೆಚ್ಚು ಉಪಯುಕ್ತ.

ಸಾಮಗ್ರಿ

ಬಿಳಿ ಪಾಲಿಸ್ಟೈರೀನ್ ಹಾಳೆ ಈ ಕಲೆಯ ಮುಖ್ಯ ದ್ರವ್ಯ. ಅಮೆರಿಕದ ಎವರ್‌ಗ್ರೀನ್, ಪ್ಲಾಸ್ಟ್ರಕ್ಟ್ ಮುಂತಾದ ಕಂಪನಿಗಳು ಇದನ್ನು 0.13, 0.25, 0.5, 1 ಮಿ.ಮೀ. ದಪ್ಪಗಳಲ್ಲಿ, ಜೊತೆಗೆ ಪಟ್ಟಿ, ಕಡ್ಡಿ, ಕೊಳವೆಗಳ ರೂಪದಲ್ಲಿ ಮಾರುತ್ತವೆ. ಕಿಟ್ಟಿನ ಪ್ಲಾಸ್ಟಿಕ್ಕೂ ಇದೇ ಜಾತಿಯದಾದ್ದರಿಂದ ದ್ರಾವಕದ ಅಂಟು ಎರಡನ್ನೂ ಮೇಲ್ಮೈಯಲ್ಲಿ ಕರಗಿಸಿ ಒಂದಾಗಿ ಬೆಸೆಯುತ್ತದೆ.

ಬಳಸಿ ಬಿಟ್ಟ ಸ್ಪ್ರೂ ಕೂಡ ಬೆಲೆಯುಳ್ಳ ವಸ್ತು. ಅದನ್ನು ಮೇಣದಬತ್ತಿಯ ಜ್ವಾಲೆಗೆ ತಾಗದಂತೆ ಮೇಲೆ ಹಿಡಿದು ತಿರುಗಿಸುತ್ತಾ ಮೆತ್ತಗಾದೊಡನೆ ಎರಡೂ ಕಡೆ ಎಳೆದರೆ ಕೂದಲಷ್ಟು ಸಣ್ಣ ಎಳೆ ಬರುತ್ತದೆ. ಬೇಗ ಎಳೆದಷ್ಟೂ ಎಳೆ ಸಣ್ಣ. ಆಂಟೆನಾ, ತೆಳು ಕೊಳವೆ, ಒಳಗಿನ ತಂತಿಗಳಿಗೆ ಇದೇ ಮೊದಲ ಆಯ್ಕೆ.

ಭಾರ ಹೊರಬೇಕಾದ ಕಡೆ ಲೋಹ ಬೇಕು. ಒಂದರೊಳಗೊಂದು ಜಾರಿ ಕೂರುವ ಹಿತ್ತಾಳೆ ಕೊಳವೆಗಳು ರೋಟರ್ ಕಂಬಕ್ಕೆ ಹೇಳಿ ಮಾಡಿಸಿದಂತಿವೆ. ವಿದ್ಯುತ್ ವೈರಿನೊಳಗಿನ ತಾಮ್ರದ ಎಳೆಗಳು, ಫ್ಯೂಸ್ ತಂತಿ, ಬೆಸುಗೆಯ ಸೀಸ, ಸೀಸದ ತಂತಿಗಳು ಬಾಗಿದ ಆಕಾರದಲ್ಲೇ ನಿಲ್ಲುವುದರಿಂದ ಎಂಜಿನ್ನಿನ ಎಣ್ಣೆ ಕೊಳವೆಗಳಾಗುತ್ತವೆ. ಸುರುಳಿ ಸುತ್ತಿದ ದಪ್ಪ ಗಿಟಾರ್ ತಂತಿ ಬಾಗುವ ಹೋಸ್‌ಪೈಪಾಗುತ್ತದೆ. ಔಷಧದಂಗಡಿಯಲ್ಲಿ ಸಿಗುವ ಇಂಜೆಕ್ಷನ್ ಸೂಜಿ ಅಗ್ಗದ, ನಿಖರ ಅಳತೆಯ ಉಕ್ಕಿನ ಕೊಳವೆ. 22 ಗೇಜಿನದು 0.72 ಮಿ.ಮೀ., 26 ಗೇಜಿನದು 0.46 ಮಿ.ಮೀ., 30 ಗೇಜಿನದು 0.31 ಮಿ.ಮೀ. ಹೊರವ್ಯಾಸ ಹೊಂದಿವೆ. ಸೀಟಿನ ಬೆಲ್ಟಿಗೆ ಸೀಸದ ತಗಡು, ಅಲ್ಯುಮಿನಿಯಂ ತಗಡು ಅಥವಾ ಮರೆಮಾಚುವ ಟೇಪು. ಗಾಜಿಗೆ ಮಾತ್ರೆಗಳ ಪಾರದರ್ಶಕ ಹೊದಿಕೆ ಅಥವಾ ನೀರಿನ ಬಾಟಲಿಯ ಪ್ಲಾಸ್ಟಿಕ್. ದುಂಡಗಿನ ಅನಿಯತ ಆಕಾರಗಳಿಗೆ ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿ.

ದ್ರಾವಕದ ಅಂಟು ಲೋಹವನ್ನು ಹಿಡಿಯುವುದಿಲ್ಲ. ಅಲ್ಲಿ ಸಯನೊಆಕ್ರಿಲೇಟ್, ಅಂದರೆ ಮನೆಮನೆಯ ಸೂಪರ್ ಗ್ಲೂ, ಇಲ್ಲವೇ ಬೆಸುಗೆ. ಈ ಅಂಟನ್ನು 1942ರಲ್ಲಿ ಕೊಡಾಕ್ ಕಂಪನಿಯ ಹ್ಯಾರಿ ಕೂವರ್ ತಂಡ ಬೇರೇನೋ ಹುಡುಕುತ್ತಿದ್ದಾಗ ಕಂಡುಕೊಂಡಿತು. ಮಾರುಕಟ್ಟೆಗೆ ಅದು 1958ರಲ್ಲಿ ಬಂತು.

ಉಪಕರಣ

ಹರಿತವಾದ ಸಣ್ಣ ಚಾಕು, ಉಕ್ಕಿನ ಅಳತೆಪಟ್ಟಿ, ಚೂಪು ಚಿಮುಟ, ಸಣ್ಣ ಅರಗಳು, ನೀರುಕಾಗದ, 0.3 ಮಿ.ಮೀ.ನಿಂದ ಮೇಲಿನ ಡ್ರಿಲ್ ಬಿಟ್ಟುಗಳನ್ನು ಕೈಯಲ್ಲೇ ತಿರುಗಿಸುವ ಪಿನ್ ವೈಸ್, ವರ್ನಿಯರ್ ಕ್ಯಾಲಿಪರ್, ತಲೆಗೆ ಕಟ್ಟುವ ಭೂತಗನ್ನಡಿ ಇದ್ದರೆ ಬಹಳಷ್ಟು ಕೆಲಸ ನಡೆಯುತ್ತದೆ. ಪಂಚ್-ಡೈ ಜೋಡಿಯಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಒಂದೇ ಗಾತ್ರದ ಪುಟ್ಟ ಬಿಲ್ಲೆಗಳನ್ನು ಕತ್ತರಿಸಬಹುದು. ಮಾಪಕದ ಮುಖ, ಬೋಲ್ಟಿನ ತಲೆ, ರೋಟರಿನ ಮುಚ್ಚಳಗಳೆಲ್ಲ ಈ ಬಿಲ್ಲೆಗಳಿಂದಲೇ ಹುಟ್ಟುತ್ತವೆ. ರಿವೆಟ್ ಚಕ್ರ ಹಲ್ಲುಗಳುಳ್ಳ ಸಣ್ಣ ಗಾಲಿ. ಉರುಳಿಸಿದಲ್ಲೆಲ್ಲ ಸಮಾನ ಅಂತರದ ಗುಂಡಿಗಳನ್ನು ಮೂಡಿಸುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಜಿಗ್. ಭಾಗಗಳನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ಈ ತಾತ್ಕಾಲಿಕ ಚೌಕಟ್ಟನ್ನು ಮಾದರಿಗಾರನೇ ಮಾಡಿಕೊಳ್ಳುತ್ತಾನೆ. ಹಲವು ಬಾರಿ ಭಾಗ ಮಾಡುವುದಕ್ಕಿಂತ ಜಿಗ್ ಮಾಡಲು ಹೆಚ್ಚು ಸಮಯ ಹಿಡಿಯುತ್ತದೆ.

ರೋಟರ್ ಹೆಡ್

ಹೆಲಿಕಾಪ್ಟರ್ ಮಾದರಿಯಲ್ಲಿ ನೋಡುಗರ ಕಣ್ಣು ಮೊದಲು ಹೋಗುವುದು ಇಲ್ಲಿಗೇ. ಪೈಲಟ್ ಎಳೆಯುವ ಸನ್ನೆಗಳ ಚಲನೆ ಕಡ್ಡಿಗಳ ಮೂಲಕ ಮೇಲೆ ಬಂದು ಸ್ವಾಶ್‌ಪ್ಲೇಟನ್ನು ಓಲಿಸುತ್ತದೆ ಅಥವಾ ಎತ್ತಿಳಿಸುತ್ತದೆ. ಸ್ವಾಶ್‌ಪ್ಲೇಟಿನ ಕೆಳತಟ್ಟೆ ತಿರುಗುವುದಿಲ್ಲ, ಮೇಲ್ತಟ್ಟೆ ರೋಟರಿನ ಜೊತೆ ತಿರುಗುತ್ತದೆ. ಮೇಲ್ತಟ್ಟೆಯಿಂದ ಹೊರಟ ಪಿಚ್ ಕಡ್ಡಿಗಳು ಅಲಗಿನ ಬುಡದ ಕೊಂಬನ್ನು ಹಿಡಿದು ಅದರ ಕೋನ ಬದಲಿಸುತ್ತವೆ. ಮೇಲ್ತಟ್ಟೆ ಕಂಬದ ಜೊತೆಗೇ ತಿರುಗುವಂತೆ ಮಾಡುವ ಮಡಿಚುವ ತೋಳು ಕತ್ತರಿ ಕೊಂಡಿ. ಈ ಸರಣಿ ಗೊತ್ತಿದ್ದರೆ ಮಾದರಿಯಲ್ಲಿ ಕಡ್ಡಿಯೊಂದು ಗಾಳಿಯಲ್ಲಿ ತುದಿಯಿಲ್ಲದೆ ನಿಲ್ಲುವ ತಪ್ಪು ಆಗುವುದಿಲ್ಲ. ಕಿಟ್ಟುಗಳಲ್ಲಿ ಸಾಮಾನ್ಯವಾಗಿ ಸ್ವಾಶ್‌ಪ್ಲೇಟಿನ ಎರಡು ತಟ್ಟೆಗಳು ಸೇರಿ ಒಂದೇ ಗಟ್ಟಿಯಾಗಿರುತ್ತವೆ, ಪಿಚ್ ಕಡ್ಡಿಗಳು ಕಂಬಕ್ಕೆ ಅಂಟಿದ ಉಬ್ಬುಗೆರೆಗಳಾಗಿರುತ್ತವೆ.

ಹೊಸದಾಗಿ ಕಟ್ಟುವಾಗ ಕಂಬಕ್ಕೆ ಹಿತ್ತಾಳೆ ಕೊಳವೆ, ತಟ್ಟೆಗಳಿಗೆ ಪಂಚ್ ಮಾಡಿದ ಬಿಲ್ಲೆಗಳ ಪದರ. ಪಿಚ್ ಕಡ್ಡಿಯ ತುದಿಯ ಬಳೆಯನ್ನು ಎರಡು ರೀತಿಯಲ್ಲಿ ಮಾಡುತ್ತಾರೆ. ತಾಮ್ರದ ತಂತಿಯ ತುದಿಯನ್ನು ಬಡಿದು ಚಪ್ಪಟೆ ಮಾಡಿ ತೂತು ಕೊರೆಯುವುದು ಒಂದು. ಸೂಜಿ ಕೊಳವೆಯಿಂದ ಕೊಯ್ದ ಉಂಗುರವನ್ನು ಕಡ್ಡಿಯ ತುದಿಗೆ ಬೆಸೆಯುವುದು ಇನ್ನೊಂದು. ಷಟ್ಕೋನದ ಪ್ಲಾಸ್ಟಿಕ್ ಕಡ್ಡಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದರೆ ನಟ್ಟುಗಳಾಗುತ್ತವೆ.

ನಮೂನೆಯಿಂದ ನಮೂನೆಗೆ ಹೆಡ್ಡಿನ ರಚನೆ ಪೂರ್ತಿ ಬೇರೆ. ಹ್ಯೂಯಿಯದು ತಕ್ಕಡಿಯಂತೆ ಓಲಾಡುವ ಎರಡಲಗಿನ ಹೆಡ್. ಅಲಗುಗಳಿಗೆ ಅಡ್ಡಲಾಗಿ, ಎರಡೂ ತುದಿಯಲ್ಲಿ ತೂಕವಿರುವ ಸ್ಥಿರಕಡ್ಡಿ ಅದರ ಗುರುತು. ಬೆಲ್ ಕಂಪನಿಗೆ ಈ ವಿನ್ಯಾಸ ತಂದವನು ಆರ್ಥರ್ ಯಂಗ್. ಚೇತಕ್ ಮತ್ತು ಚೀತಾಗಳದ್ದು ಕೀಲುಗಳುಳ್ಳ ಮೂರಲಗಿನ ಹೆಡ್. ಅಲಗಿನಿಂದ ಅಲಗಿಗೆ ಬಿಗಿದ ಉಕ್ಕಿನ ಕೇಬಲ್ಲುಗಳು ಅವುಗಳ ನಡುವಿನ ಅಂತರವನ್ನು ಕಾಯುತ್ತವೆ. ಈ ಕೇಬಲ್ಲುಗಳಿಲ್ಲದ ಚೇತಕ್ ಮಾದರಿ ಬಲ್ಲವರ ಕಣ್ಣಿಗೆ ಅಪೂರ್ಣ. 1:72ರಲ್ಲಿ ಅವುಗಳಿಗೆ ಎಳೆದ ಸ್ಪ್ರೂ ಸಾಕು. ಧ್ರುವದ ನಾಲ್ಕಲಗಿನ ಹೆಡ್ಡಿನಲ್ಲಿ ಕೀಲುಗಳೇ ಇಲ್ಲ, ಅದು ಸಂಯುಕ್ತ ನಾರಿನ ಫಲಕಗಳಿಂದಾದದ್ದು. ಅಲ್ಲಿ ಕಡ್ಡಿಗಳ ಗೋಜಲು ಕಡಿಮೆ. ಫಲಕಗಳ ತೆಳುವನ್ನೂ ಬಾಗನ್ನೂ ಹಿಡಿಯುವುದೇ ಸವಾಲು.

ಮೂರಲಗಿನ ಹೆಡ್ಡನ್ನು ಕಾಗದದ ಮೇಲೆ 120 ಡಿಗ್ರಿ ಅಂತರದ ಮೂರು ಗೆರೆ ಎಳೆದು, ಅದರ ಮೇಲೆಯೇ ಜೋಡಿಸುತ್ತಾರೆ. ಬುಡದಲ್ಲಿ ಒಂದು ಡಿಗ್ರಿ ತಪ್ಪಿದರೆ 1:48ರ ಚೇತಕ್ ಅಲಗಿನ ತುದಿ ಸುಮಾರು 2 ಮಿ.ಮೀ. ಅತ್ತಿತ್ತಾಗುತ್ತದೆ.

ಅಲಗುಗಳು

ನಿಂತ ಹೆಲಿಕಾಪ್ಟರಿನ ಅಲಗುಗಳು ತಮ್ಮ ತೂಕಕ್ಕೇ ಬಾಗುತ್ತವೆ. ಹಾರುವಾಗ ಮೇಲಕ್ಕೆ ಎದ್ದು ಬಟ್ಟಲಿನಾಕಾರ ತಾಳುತ್ತವೆ. ಕಿಟ್ಟಿನ ಅಲಗುಗಳು ಹೆಚ್ಚಾಗಿ ನೇರ ಪಟ್ಟಿಗಳು. ಬಿಸಿನೀರಿನಲ್ಲಿ ಅದ್ದಿ ನಿಧಾನವಾಗಿ ಬಾಗಿಸುವುದು, ಒಳಗೆ ತಂತಿ ಹೂತು ಬಾಗನ್ನು ಉಳಿಸುವುದು ಬಳಕೆಯ ಉಪಾಯಗಳು. ಅಲಗಿನ ಹಿಂದಿನ ಅಂಚನ್ನು ನೀರುಕಾಗದದಿಂದ ತೆಳ್ಳಗೆ ಮಾಡಿ, ಸಣ್ಣ ಹೊಂದಾಣಿಕೆ ಪಟ್ಟಿಗಳನ್ನು ತಗಡಿನಿಂದ ಹಚ್ಚುತ್ತಾರೆ.

ತಿರುಗುವ ದಿಕ್ಕು ಇಲ್ಲಿ ಆಗಾಗ ಕಾಣುವ ಎಡವಟ್ಟು. ಮೇಲಿನಿಂದ ನೋಡಿದಾಗ ಅಮೆರಿಕದ ಹ್ಯೂಯಿಯ ರೋಟರ್ ಗಡಿಯಾರದ ವಿರುದ್ಧ ದಿಕ್ಕಿಗೂ, ಫ್ರಾನ್ಸಿನ ಆಲುವೆಟ್ ಮತ್ತು ರಷ್ಯದ ಎಂಐ-8 ಗಡಿಯಾರದ ದಿಕ್ಕಿಗೂ ತಿರುಗುತ್ತವೆ. ಅಲಗಿನ ದಪ್ಪ ಅಂಚು ಯಾವ ಕಡೆ, ಪಿಚ್ ಕೊಂಬು ಯಾವ ಕಡೆ ಎನ್ನುವುದೆಲ್ಲ ಇದರ ಮೇಲೆ ನಿಂತಿದೆ.

ಜಾಲರಿ ಬಾಲದಂಡ

ಚೀತಾ, ಅದರ ಮೂಲವಾದ ಲಾಮಾ, ಬೆಲ್ 47 ಇವುಗಳ ಬಾಲದಂಡ ಉಕ್ಕಿನ ಕೊಳವೆಗಳ ಬಯಲು ಜಾಲರಿ. ಲಾಮಾ ಎತ್ತರಕ್ಕೆಂದೇ ರೂಪುಗೊಂಡ ಯಂತ್ರ. 1972ರ ಜೂನ್ 21ರಂದು ಜಾನ್ ಬುಲೆ ಇದರಲ್ಲಿ 12,442 ಮೀ. ಏರಿ ದಾಖಲೆ ಮಾಡಿದ. ಸಿಯಾಚಿನ್‌ನ ನೆಲೆಗಳಿಗೆ ಸಾಮಗ್ರಿ ಹೊತ್ತ ಚೀತಾ ಭಾರತೀಯ ಮಾದರಿಗಾರರಿಗೆ ಪ್ರಿಯವಾದ ವಿಷಯ. ಕಿಟ್ಟಿನಲ್ಲಿ ಈ ಜಾಲರಿ ಪ್ಲಾಸ್ಟಿಕ್ ಕಡ್ಡಿಗಳಾಗಿ ಬಂದರೆ ಅಡ್ಡಛೇದ ದುಂಡಾಗಿರದೆ ಅಚ್ಚಿನ ಕೂಡುಗೆರೆಯಿಂದ ವಿಕಾರವಾಗಿರುತ್ತದೆ. ಕೆರೆದು ದುಂಡು ಮಾಡಲು ಹೋದರೆ ಕಡ್ಡಿ ಮುರಿಯುತ್ತದೆ.

ಬದಲಿ ಜಾಲರಿ ಕಟ್ಟುವ ಕ್ರಮ ಹೀಗಿದೆ. ನಕ್ಷೆಯನ್ನು ಮಾದರಿಯ ಗಾತ್ರಕ್ಕೆ ಮುದ್ರಿಸಿ ಮರದ ಹಲಗೆಗೆ ಅಂಟಿಸಿ, ಉದ್ದ ಕೊಳವೆಗಳ ಜಾಗದಲ್ಲಿ ಗುಂಡುಸೂಜಿ ನೆಟ್ಟು ಹಿತ್ತಾಳೆ ತಂತಿಗಳನ್ನು ಹಿಡಿದಿಡುತ್ತಾರೆ. ಒಂದು ಬದಿಯ ಓರೆ ಕಡ್ಡಿಗಳನ್ನು ಬೆಸೆದ ಮೇಲೆ, ನಡುವಿನ ಅಂತರಕ್ಕೆ ಸರಿಯಾಗಿ ಕತ್ತರಿಸಿದ ರಟ್ಟಿನ ಅಡ್ಡಗೋಡೆಗಳಿಟ್ಟು ಉಳಿದ ಬದಿಗಳನ್ನು ಕೂಡಿಸುತ್ತಾರೆ. ಒಂದು ಕೂಡಲಿಗೆ ಕಾವು ಕೊಟ್ಟಾಗ ಪಕ್ಕದ್ದು ಬಿಡುವುದು ದೊಡ್ಡ ಕಷ್ಟ. ಮುಗಿದ ಕೂಡಲುಗಳ ಮೇಲೆ ಒದ್ದೆ ಹತ್ತಿ ಇಡುವುದು, ಬೇರೆ ಬೇರೆ ಉಷ್ಣತೆಗೆ ಕರಗುವ ಬೆಸುಗೆಗಳನ್ನು ಹಂತಹಂತವಾಗಿ ಬಳಸುವುದು ಪರಿಹಾರಗಳು. ಜಾಲರಿಯ ಮೇಲೆ ಉದ್ದಕ್ಕೂ ಹಾಯುವ ಬಾಲದ ರೋಟರಿನ ಚಾಲಕದಂಡವನ್ನು ಕೊನೆಗೆ ಸೇರಿಸುತ್ತಾರೆ. ಪ್ಲಾಸ್ಟಿಕ್ ಕಡ್ಡಿಯಿಂದಲೂ ಜಾಲರಿಯನ್ನು ಕಟ್ಟಬಹುದು. ಆದರೆ ಕೆಲ ವರ್ಷಗಳಲ್ಲಿ ಅದು ಬಾಗುವ ಸಂಭವವಿದೆ.

ಎಂಜಿನ್

ಚೇತಕ್, ಚೀತಾಗಳ ಆರ್ಟೂಸ್ಟ್ ಟರ್ಬೈನ್ ಕ್ಯಾಬಿನ್ನಿನ ಹಿಂದೆ ತೆರೆದೇ ಕೂತಿರುತ್ತದೆ. ಹೀಗಾಗಿ ಇಂಧನ, ಎಣ್ಣೆಗಳ ಕೊಳವೆ, ಬಿಗಿಯುವ ಪಟ್ಟಿ, ವೈರಿನ ಕಟ್ಟು, ಬೆಂಕಿಗೆ ಬಣ್ಣಗೆಟ್ಟ ಹೊಗೆಕೊಳವೆ ಎಲ್ಲವೂ ಕಣ್ಣಿಗೆ ಬೀಳುತ್ತವೆ. ದೊಡ್ಡ ಸಿಲಿಂಡರುಗಳಿಗೆ ಪ್ಲಾಸ್ಟಿಕ್ ಕೊಳವೆ, ಗಾಳಿ ಒಳಬರುವ ಜಾಲರಿಗೆ ಸಣ್ಣ ತಂತಿಜಾಲ ಬಳಕೆಯಾಗುತ್ತವೆ. ಚೀತಾದ ಎಂಜಿನ್ ಬದಲಿಸಿ ಟಿಎಂ-333 ಕೂರಿಸಿದ ಚೀತಲ್ ಮಾದರಿ ಬೇಕೆನ್ನುವವರು ಈ ಇಡೀ ಭಾಗವನ್ನು ಹೊಸದಾಗಿ ಕಟ್ಟಬೇಕು; ಲಾಮಾ ಕಿಟ್ಟಿನ ಎಂಜಿನ್ ಅಲ್ಲಿ ಉಪಯೋಗಕ್ಕೆ ಬಾರದು.

ಕಾಕ್‌ಪಿಟ್ ಮತ್ತು ಕ್ಯಾಬಿನ್

ಸೀಟಿನ ಮುಂದಿನ ಸೈಕ್ಲಿಕ್ ಸನ್ನೆ, ಪಕ್ಕದ ಕಲೆಕ್ಟಿವ್ ಸನ್ನೆ, ಕಾಲಿನಡಿಯ ಪೆಡಲುಗಳು ಪ್ರತಿ ಹೆಲಿಕಾಪ್ಟರಿನಲ್ಲೂ ಇರುವ ಮೂರು ನಿಯಂತ್ರಣಗಳು. ಕಲೆಕ್ಟಿವ್ ಬುಡದಿಂದ ಮೇಲಕ್ಕೆ ಓರೆಯಾಗಿ ನಿಲ್ಲುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿದರೆ ಕಾರಿನ ಗೇರಾಗಿಬಿಡುತ್ತದೆ. ಮಾಪಕಗಳ ಫಲಕಕ್ಕೆ ಮೂರು ಪದರಗಳ ವಿಧಾನವಿದೆ: ಹಿಂದೆ ಮುಖಗಳನ್ನು ಮುದ್ರಿಸಿದ ಹಾಳೆ, ನಡುವೆ ಗಾಜಿಗಾಗಿ ಪಾರದರ್ಶಕ ಹಾಳೆ, ಮುಂದೆ ತೂತು ಕೊರೆದ ತೆಳು ಪ್ಲಾಸ್ಟಿಕ್. ಬೆಲ್ಟಿನ ಕೊಂಡಿಗಳನ್ನು ಚಪ್ಪಟೆ ಪಟ್ಟಿಯ ಸುತ್ತ ತಾಮ್ರದೆಳೆ ಸುತ್ತಿ, ಒಂದೊಂದೇ ಸುತ್ತನ್ನು ಕತ್ತರಿಸಿ ಪಡೆಯುತ್ತಾರೆ. 50 ಮಿ.ಮೀ. ಅಗಲದ ಬೆಲ್ಟ್ 1:48ರಲ್ಲಿ 1 ಮಿ.ಮೀ.ಗಿಂತ ತುಸು ಹೆಚ್ಚು. ಕ್ಯಾಬಿನ್ ಗೋಡೆಯ ಶಬ್ದನಿರೋಧಕ ಹೊದಿಕೆಗೆ ತಗಡಿನ ಮೇಲೆ ಮೊಂಡು ಸೂಜಿಯಿಂದ ಚೌಕಳಿ ಗೆರೆ ಒತ್ತಿದರೆ ಹೊಲಿಗೆ ಹಾಕಿದ ದಿಂಬಿನ ನೋಟ ಬರುತ್ತದೆ.

ಗಾಜು

ಕಿಟ್ಟಿನ ಗಾಜು ದಪ್ಪವಾಗಿದ್ದರೆ ಒಳಗಿನ ವಿವರವೆಲ್ಲ ವಕ್ರವಾಗಿ ಕಾಣುತ್ತದೆ. ಚೀತಾದ ಗುಳ್ಳೆಯಂಥ ಮುಂಭಾಗಕ್ಕೆ ಇದು ದೊಡ್ಡ ತೊಡಕು. ಮರ ಅಥವಾ ಪುಟ್ಟಿಯಲ್ಲಿ ಗುಳ್ಳೆಯ ಮೂಲಾಕಾರ ಕೊರೆದು ನುಣುಪು ಮಾಡಿ, ಕಾಯಿಸಿ ಮೆತ್ತಗಾದ ಪಾರದರ್ಶಕ ಹಾಳೆಯನ್ನು ಅದರ ಮೇಲೆ ಬಿಗಿಯಾಗಿ ಎಳೆಯುತ್ತಾರೆ. ನಿರ್ವಾತ ಪಂಪಿನಿಂದ ಹಾಳೆಯನ್ನು ಅಚ್ಚಿಗೆ ಸೆಳೆದರೆ ಅದು ವ್ಯಾಕ್ಯೂಮ್ ಫಾರ್ಮಿಂಗ್. ಮೂಲಾಕಾರದ ಮೇಲಿನ ಒಂದು ಗೀರು ಕೂಡ ಗಾಜಿನಲ್ಲಿ ಮೂಡುತ್ತದೆ. ಗಾಜಿನ ಬಳಿ ಸೂಪರ್ ಗ್ಲೂ ಬಳಸಿದರೆ ಅದರ ಹಬೆ ಮಂಜಿನಂತೆ ಕೂರುವುದರಿಂದ ಅಲ್ಲಿ ಬಿಳಿ ಪಿವಿಎ ಅಂಟು ಬಳಸುತ್ತಾರೆ.

ಹೊರಮೈ

ಹೆಲಿಕಾಪ್ಟರುಗಳಲ್ಲಿ ಉಬ್ಬುತಲೆಯ ರಿವೆಟ್ ಸಾಮಾನ್ಯ. ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆಯ ಮೇಲೆ ರೆಸಿನ್ ಹನಿಗಳಾಗಿ ಮುದ್ರಿತವಾಗಿ ಬರುವ ರಿವೆಟ್ ಸಾಲುಗಳನ್ನು ಅಂಟಿಸುವುದು ಇಂದಿನ ರೂಢಿ. ದೊಡ್ಡ ಮಾದರಿಗಳಲ್ಲಿ ಸಿರಿಂಜಿನಿಂದ ಅಂಟಿನ ಹನಿಗಳನ್ನು ಇಡುವವರೂ ಇದ್ದಾರೆ. ಬಾಗಿಲ ಹಿಡಿಕೆ, ಮೆಟ್ಟಿಲು, ವಿಂಚ್, ಸರಕಿನ ಕೊಕ್ಕೆ, ನೆಲಕ್ಕೂರುವ ಸ್ಕಿಡ್ಡಿನ ಕಾಲುಗಳನ್ನು ತಂತಿ ಮತ್ತು ಕೊಳವೆಗಳಿಂದ ಬದಲಿಸುತ್ತಾರೆ. ಹಿತ್ತಾಳೆ, ಸೀಸ, ಪ್ಲಾಸ್ಟಿಕ್ ಬೆರೆತ ಭಾಗಗಳಿಗೆ ಮೊದಲು ಪ್ರೈಮರ್ ಹೊಡೆಯುವುದು ಕಡ್ಡಾಯ: ಲೋಹಕ್ಕೆ ಬಣ್ಣ ಹಿಡಿಯುತ್ತದೆ, ಬಣ್ಣಬಣ್ಣದ ಸಾಮಗ್ರಿಗಳ ಮರೆಯಲ್ಲಿ ಕಾಣದಿದ್ದ ಸಂದು ಗೀರುಗಳೂ ಹೊರಬೀಳುತ್ತವೆ.

ನಕಲು ತೆಗೆಯುವ ವಿಧಾನಗಳು

ಒಂದೇ ಭಾಗ ಹಲವು ಬೇಕಾದಾಗ ಒಂದನ್ನು ಎಚ್ಚರದಿಂದ ಮಾಡಿ ಅಚ್ಚು ತೆಗೆಯುತ್ತಾರೆ. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಸಿಲಿಕೋನ್ ರಬ್ಬರಿನ ಅಚ್ಚಿಗೆ ಪಾಲಿಯುರಿಥೇನ್ ರೆಸಿನ್ ಸುರಿಯುತ್ತಾರೆ. ಗುಳ್ಳೆಗಳನ್ನು ತೆಗೆಯಲು ನಿರ್ವಾತ ಅಥವಾ ಒತ್ತಡದ ಪಾತ್ರೆ ನೆರವಾಗುತ್ತದೆ. ಫೋಟೋ-ಎಚ್ಚಿಂಗಿನಲ್ಲಿ ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚಿದ ತೆಳು ಹಿತ್ತಾಳೆ ತಗಡಿನ ಮೇಲೆ ನಕ್ಷೆಯನ್ನು ನೇರಳಾತೀತ ಬೆಳಕಿನಿಂದ ಮೂಡಿಸಿ, ಲೇಪ ಹೋದ ಜಾಗವನ್ನು ಫೆರಿಕ್ ಕ್ಲೋರೈಡ್ ದ್ರಾವಣದಿಂದ ಕೊರೆಸುತ್ತಾರೆ. ಜಾಲರಿ, ಕೊಂಡಿ, ಪೆಡಲ್‌ನಂಥ ಚಪ್ಪಟೆ ಭಾಗಗಳಿಗೆ ಇದಕ್ಕಿಂತ ಒಳ್ಳೆಯ ವಿಧಾನವಿಲ್ಲ. ದುಂಡು ಕಡ್ಡಿಗಳಿಗೆ ಮಾತ್ರ ಇದು ಹೊಂದುವುದಿಲ್ಲ.

ರೆಸಿನ್ ಧೂಳು, ಸೂಪರ್ ಗ್ಲೂ ಹಬೆ, ಎಚ್ಚಿಂಗ್ ದ್ರಾವಣಗಳಿಂದ ಶ್ವಾಸಕೋಶ, ಕಣ್ಣು, ಚರ್ಮಕ್ಕೆ ಹಾನಿಯಾಗಬಲ್ಲದು. ಮುಖಗವಸು, ಕೈಗವಸು, ಗಾಳಿಯಾಡುವ ಜಾಗ ಬೇಕು.

ವಿಧಗಳು

ಕಪಾಟಿನಲ್ಲಿಡುವ ಸ್ಥಿರ ಮಾದರಿ ಮೊದಲನೆಯ ವಿಧ. ಇದರಲ್ಲಿ ತೆಳುವೂ ನಿಖರತೆಯೂ ಮುಖ್ಯ. ದೃಶ್ಯಸಂಯೋಜನೆಯಲ್ಲಿ ಹೆಲಿಕಾಪ್ಟರು ಸೈನಿಕರು, ನೆಲ, ಗಿಡಗಳ ನಡುವೆ ನಿಲ್ಲುತ್ತದೆ. ಎಂಜಿನ್ ಮುಚ್ಚಳಗಳನ್ನು ತೆರೆದಿಟ್ಟು ದುರಸ್ತಿಯ ನೋಟ ತೋರಿಸುವುದು ಅದರ ಜನಪ್ರಿಯ ಬಗೆ, ಏಕೆಂದರೆ ಕೈಕೆಲಸವೆಲ್ಲ ಅಲ್ಲಿ ಬೆಳಕಿಗೆ ಬರುತ್ತದೆ.

ರೇಡಿಯೊ ನಿಯಂತ್ರಿತ ಹಾರುವ ಮಾದರಿಯ ನಿಯಮಗಳು ಬೇರೆ. ಜರ್ಮನಿಯ ಡೀಟರ್ ಶ್ಲೂಟರ್ 1970ರ ಸುಮಾರಿಗೆ ಇಂಥ ಹೆಲಿಕಾಪ್ಟರನ್ನು ನಂಬಿಕೆಗೆ ಅರ್ಹವಾಗಿ ಹಾರಿಸಿ ತೋರಿಸಿದ. ಅಲ್ಲಿ ಪ್ರತಿ ಸೂಕ್ಷ್ಮಭಾಗವೂ ನಡುಕವನ್ನು ತಾಳಿಕೊಳ್ಳಬೇಕು, ಗುರುತ್ವಕೇಂದ್ರವನ್ನು ಕದಲಿಸಬಾರದು. ರೋಟರ್ ಹೆಡ್ಡಿನ ಮೇಲೆ ಅಂದಕ್ಕೆಂದು ಅಂಟಿಸಿದ ನಟ್ಟೊಂದು ಸಡಿಲವಾದರೆ ಗುಂಡಿನಂತೆ ಹಾರಬಲ್ಲದು. ಹೀಗಾಗಿ ಹಾರುವ ಮಾದರಿಗಳಲ್ಲಿ ಸೂಕ್ಷ್ಮಕೆಲಸ ಹೆಚ್ಚಾಗಿ ಕಾಕ್‌ಪಿಟ್ ಮತ್ತು ಹೊರಮೈಗೆ ಸೀಮಿತ.

ಉಪಯೋಗ

ಹವ್ಯಾಸವೇ ಮುಖ್ಯ ಉಪಯೋಗ. ಅದರಾಚೆ ವಸ್ತುಸಂಗ್ರಹಾಲಯಗಳ ಪ್ರದರ್ಶನ, ತಯಾರಕ ಕಂಪನಿಗಳ ಮಾರಾಟ ಮಳಿಗೆ, ತರಬೇತಿ ಸಂಸ್ಥೆಗಳ ಪಾಠದ ಮಾದರಿಗಳಲ್ಲಿಯೂ ಈ ಕೌಶಲ ಬೇಕಾಗುತ್ತದೆ. ಚಲನಚಿತ್ರದ ಕಿರುಮಾದರಿ ತಯಾರಕರು ಇದನ್ನೇ ಬೇರೆ ದಾರಿಯಲ್ಲಿ ಬಳಸಿದರು. 1977ರ ‘ಸ್ಟಾರ್ ವಾರ್ಸ್’ ಚಿತ್ರದ ಆಕಾಶನೌಕೆಗಳ ಮೈಮೇಲಿನ ಯಂತ್ರವಿವರಗಳಲ್ಲಿ ಬಹಳಷ್ಟು ಟ್ಯಾಂಕು, ವಿಮಾನದ ಕಿಟ್ಟುಗಳಿಂದ ತೆಗೆದು ಅಂಟಿಸಿದ ಭಾಗಗಳು. ಸ್ಪರ್ಧೆಗಳು ಮಟ್ಟವನ್ನು ಏರಿಸುತ್ತ ಬಂದಿವೆ. ಬ್ರಿಟನ್ನಿನ ಟೆಲ್ಫರ್ಡಿನಲ್ಲಿ ಪ್ರತಿ ನವೆಂಬರಿನಲ್ಲಿ ನಡೆಯುವ ಸ್ಕೇಲ್ ಮಾಡೆಲ್ ವರ್ಲ್ಡ್ ಇವುಗಳಲ್ಲಿ ದೊಡ್ಡದು. ತೀರ್ಪುಗಾರರು ಮೊದಲು ನೋಡುವುದು ಭಾಗಗಳ ಸಂಖ್ಯೆಯನ್ನಲ್ಲ. ಕೂಡಲು ಸ್ವಚ್ಛವಾಗಿದೆಯೇ, ಸ್ಕಿಡ್ಡುಗಳು ಸಮಾನಾಂತರವಾಗಿವೆಯೇ, ಅಂಟಿನ ಕಲೆಯಿದೆಯೇ ಎನ್ನುವುದನ್ನು.

ಸದ್ಯದ ಸ್ಥಿತಿ

ಚಕ್ ಹಲ್ 1984ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, ದ್ರವ ರೆಸಿನನ್ನು ಬೆಳಕಿನಿಂದ ಗಟ್ಟಿಗೊಳಿಸುವ ಮುದ್ರಣ ವಿಧಾನ ಈಗ ಮನೆಯ ಮೇಜಿಗೆ ಬಂದಿದೆ. 0.025ರಿಂದ 0.05 ಮಿ.ಮೀ. ಪದರಗಳಲ್ಲಿ ಮುದ್ರಿಸುವ ಸಣ್ಣ ಯಂತ್ರಗಳು ರೋಟರ್ ಹೆಡ್, ಸೀಟು, ಗೇರ್‌ಬಾಕ್ಸುಗಳನ್ನು ಒಂದೇ ತುಂಡಾಗಿ ಕೊಡುತ್ತವೆ. ಬಣ್ಣದಲ್ಲೇ ಉಬ್ಬಾಗಿ ಮುದ್ರಿತವಾದ ಮಾಪಕ ಫಲಕಗಳೂ ಬೆಲ್ಟುಗಳೂ ಡೆಕಾಲ್‌ನಂತೆ ಅಂಟಿಸಲು ಸಿಗುತ್ತವೆ. ಹಾಗೆಂದು ತಂತಿ ಮೂಲೆಗೆ ಸರಿದಿಲ್ಲ. ಮುದ್ರಿಸಿದ ತೆಳು ರೆಸಿನ್ ಕಡ್ಡಿ ಪೆಡಸಾಗಿ ಮುರಿಯುತ್ತದೆ, ಕಾಲಾನಂತರ ಬಾಗುತ್ತದೆ. ಪಿಚ್ ಕಡ್ಡಿ, ಆಂಟೆನಾ, ಜಾಲರಿ ದಂಡಕ್ಕೆ ಇಂದಿಗೂ ಹಿತ್ತಾಳೆಯೇ ಗತಿ. ದೊಡ್ಡ ಗಟ್ಟಿ ಭಾಗ ಮುದ್ರಣದಿಂದ, ಸಣ್ಣ ಕಡ್ಡಿ ಕೈಯಿಂದ ಎಂಬ ಹಂಚಿಕೆ ಈಗ ಸಾಮಾನ್ಯ.

ಭಾರತದಲ್ಲಿ ಚೇತಕ್, ಚೀತಾಗಳ ಮಾದರಿ ಮಾಡುವವರು ಫ್ರೆಂಚ್ ಮೂಲದ ಕಿಟ್ಟುಗಳನ್ನು ಹಿಡಿದು ಭಾರತೀಯ ಸೇನೆಯ ಆಂಟೆನಾ, ಸೀಟು, ಸಾಧನಗಳನ್ನು ತಾವೇ ಸೇರಿಸುತ್ತಾರೆ. ದೇಶಿ ವಿನ್ಯಾಸಗಳ ವಿಷಯದಲ್ಲಿ ಕೈಕೆಲಸದ ಪಾಲು ಇನ್ನೂ ಹೆಚ್ಚು. 2010ರ ಮಾರ್ಚ್ 29ರಂದು ಮೊದಲು ಹಾರಿ 2022ರಲ್ಲಿ ‘ಪ್ರಚಂಡ’ ಎಂಬ ಹೆಸರಿನಿಂದ ವಾಯುಪಡೆ ಸೇರಿದ ಹಗುರ ಯುದ್ಧ ಹೆಲಿಕಾಪ್ಟರ್, 2016ರ ಸೆಪ್ಟೆಂಬರಿನಲ್ಲಿ ಹಾರಿದ ಹಗುರ ಬಹೂಪಯೋಗಿ ಹೆಲಿಕಾಪ್ಟರ್, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಕಾರ್ಖಾನೆ ಇವುಗಳಿಂದ ಹೊಸ ವಿಷಯಗಳು ದೊರೆತಿವೆ. ಧ್ರುವ, ಅದರ ಶಸ್ತ್ರಸಜ್ಜಿತ ರೂಪವಾದ ರುದ್ರ, ಪ್ರಚಂಡ ಈ ಮೂರೂ ಒಂದೇ ವಂಶದವು. ಹೀಗಾಗಿ ಧ್ರುವಕ್ಕೆಂದು ಎಚ್ಚರದಿಂದ ಮಾಡಿದ ಒಂದು ರೋಟರ್ ಹೆಡ್ಡಿನಿಂದ ಸಿಲಿಕೋನ್ ಅಚ್ಚು ತೆಗೆದಿಟ್ಟುಕೊಂಡರೆ ಉಳಿದೆರಡರ ಕೆಲಸಕ್ಕೂ ಅದೇ ಆರಂಭದ ಭಾಗವಾಗುತ್ತದೆ.